ಅಪ್ಪನ ಬಾಯಲ್ಲಿ ಉಳಿದ ಒಂದೇ ಮಾತು

ಅವಳ ಅಪ್ಪ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೂವತ್ತೆರಡು ವರ್ಷ ಒಂದೇ ಶಾಲೆ, ಒಂದೇ ಕುರ್ಚಿ. ಅವರ ಹತ್ತಿರ ಓದಿದವರು ದೊಡ್ಡ ದೊಡ್ಡ ಹುದ್ದೆಗೆ ಹೋದರು. ದಾರಿಯಲ್ಲಿ ಸಿಕ್ಕರೆ ವಾಹನ ನಿಲ್ಲಿಸಿ, ಇಳಿದು ಮಾತಾಡಿಸುತ್ತಿದ್ದರು. ಮೇಷ್ಟ್ರ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ಜನ: ಹೇಳಿದ ಕೂಡಲೇ ಅರ್ಥವಾಗುವವರು ಮತ್ತು ಉಳಿದವರು. ಹಿರಿಯ ಮಗಳು ಮೊದಲನೆಯ ಬಗೆ. ಈ ಕಥೆ ಕಿರಿಯವಳದು.

ದಿನಾ ಸಂಜೆ ಮನೆಯ ಮುಂಗೋಣೆಗೆ ಪಾಠ ಹೇಳಿಸಿಕೊಳ್ಳಲು ಹತ್ತು ಹನ್ನೆರಡು ಮಕ್ಕಳು ಬರುತ್ತಿದ್ದರು. ಗೋಡೆಗೆ ಒಂದು ಕಪ್ಪು ಹಲಗೆ ಇತ್ತು. ಕಿರಿಯವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಅಪ್ಪ ಅವಳನ್ನು ಹಲಗೆಯ ಹತ್ತಿರ ಕರೆದು, ಭಿನ್ನರಾಶಿಯ ಒಂದು ಲೆಕ್ಕ ಬರೆದು, ಬಿಡಿಸು ಎಂದರು. ಆ ಲೆಕ್ಕ ತನಗೆ ಬರುತ್ತಿತ್ತೋ ಇಲ್ಲವೋ, ಅವಳಿಗೆ ಇವತ್ತಿಗೂ ತಿಳಿಯದು. ಬೆನ್ನ ಹಿಂದೆ ಅಷ್ಟೊಂದು ಕಣ್ಣು, ಪಕ್ಕದಲ್ಲಿ ಅಪ್ಪನ ಉಸಿರು. ಅಂಕಿಗಳೆಲ್ಲ ನೋಡುನೋಡುತ್ತಲೇ ಕಲಸಿಹೋದವು. ಸೀಮೆಸುಣ್ಣ ಅಂಗೈ ಬೆವರಿಗೆ ಒದ್ದೆಯಾಯಿತು. ಅಪ್ಪ ಕಾದರು. ಕಾಯುವಾಗ ಅವರು ಕಾಲ ತುದಿಯಿಂದ ನೆಲ ತಟ್ಟುತ್ತಿದ್ದರು.

"ಪೆದ್ದಿ," ಎಂದರು ಕೊನೆಗೆ. "ನಿನ್ನ ತಲೇಲಿರೋದು ಮೆದುಳಲ್ಲಮ್ಮ, ಹತ್ತಿ."

ಮಕ್ಕಳು ನಕ್ಕರು. ಅವಳೂ ನಕ್ಕಳು. ನಕ್ಕದ್ದೇ ತಪ್ಪಾಯಿತೇನೋ, ಅತ್ತಿದ್ದರೆ ಅಮ್ಮನಾದರೂ ಒಳಗಿನಿಂದ ಬಂದು ಅಡ್ಡ ನಿಲ್ಲುತ್ತಿದ್ದಳು. ಮಾರನೆಯ ದಿನದಿಂದ ಅದೇ ಅವಳ ಹೆಸರಾಯಿತು. ಅಪ್ಪ ಕೋಪದಲ್ಲಿ ಮಾತ್ರ ಹಾಗೆ ಕರೆಯುತ್ತಿದ್ದರು ಅಂತಲ್ಲ. ಪೆದ್ದಿ, ನೀರು ತಾ. ಪೆದ್ದಿ, ಕನ್ನಡಕ ಎಲ್ಲಿ. ಪೆದ್ದಿ, ಮಲಗಿದೆಯಾ. ಅಮ್ಮನ ಬಾಯಿಗೂ ಅದು ಹತ್ತಿತು, ನೆರೆಹೊರೆಯವರಿಗೂ. ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರಿತ್ತು. ಅದನ್ನು ಕೂಗಿದಾಗ ಅವಳು ಒಂದು ಗಳಿಗೆ ತಡವಾಗಿ ಎದ್ದು ನಿಲ್ಲುತ್ತಿದ್ದಳು.

ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ನಪಾಸಾದಳು. ದೀಪದ ಬುಡದಲ್ಲೇ ಕತ್ತಲೆ ಎಂದು ಶಾಲೆಯ ಇತರ ಮೇಷ್ಟ್ರುಗಳು ನಕ್ಕರಂತೆ. ಅದಾದ ಮೇಲೆ ಅಪ್ಪ ಅವಳಿಗೆ ಏನನ್ನೂ ಹೇಳಿಕೊಡಲಿಲ್ಲ, ಬೈಯಲೂ ಇಲ್ಲ. ಬೈಗುಳ ನಿಂತದ್ದು ಅವಳಿಗೆ ಇನ್ನೂ ಕಷ್ಟವಾಯಿತು. ಯಾರಾದರೂ ಏನಾದರೂ ಕೇಳುವ ಮೊದಲೇ "ನಂಗೆ ಗೊತ್ತಾಗಲ್ಲ" ಎಂದುಬಿಡುವುದನ್ನು ಅವಳು ಆ ವರ್ಷಗಳಲ್ಲಿ ಕಲಿತಳು. ಫೋನು ಹೊಡೆದುಕೊಂಡರೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು. ಕಚೇರಿಯಲ್ಲಿ ಅರ್ಜಿ ತುಂಬಬೇಕಾದರೆ, ತನ್ನ ಸರದಿ ಬಂದಾಗ ಹಿಂದಿನವರಿಗೆ ದಾರಿ ಬಿಟ್ಟು ಮತ್ತೆ ಕೊನೆಗೆ ಹೋಗಿ ನಿಲ್ಲುತ್ತಿದ್ದಳು.

ಮದುವೆಯಾಯಿತು. ಗಂಡ ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬರೆದುಕೊಳ್ಳುವ ನೌಕರ. ಕೆಟ್ಟವನೇನಲ್ಲ, ಕೈ ಎತ್ತಿದವನಲ್ಲ, ಕುಡಿದವನಲ್ಲ. ಮನೆಗೆ ಬಂದವರೆದುರು ಅವಳ ಮೇಲೊಂದು ತಮಾಷೆ ಮಾಡುವನು, ಅವಳು ಎಲ್ಲರಿಗಿಂತ ಮೊದಲು ನಗುವಳು. ಮಕ್ಕಳಾಗಲಿಲ್ಲ. ಆರನೆಯ ವರ್ಷ ಅವನು ಬೇರೆ ಊರಿಗೆ ವರ್ಗ ಕೇಳಿಕೊಂಡ. ಪೆಟ್ಟಿಗೆ ಕಟ್ಟುವಾಗ, ನಾನು ಒಬ್ಬನೇ ಹೋಗೋಣ ಅಂತಿದೀನಿ, ನಿಂಗೇನನ್ಸುತ್ತೆ ಎಂದು ಕೇಳಿದ. ಬಹುಶಃ ಬೇಡ ಅನ್ನಲಿ ಎಂದೇ ಕೇಳಿದ್ದನೇನೋ. ಅವಳು ಅಭ್ಯಾಸದ ಮೇಲೆ, "ನಂಗೆ ಗೊತ್ತಾಗಲ್ಲ" ಎಂದಳು. ಅವನು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, ಪೆಟ್ಟಿಗೆ ಮುಚ್ಚಿದ.

ಎರಡು ಚೀಲ ಹಿಡಿದು ತವರಿಗೆ ಬಂದಾಗ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಿಲು ತೆರೆದದ್ದು ಅಪ್ಪ. ಚೀಲಗಳನ್ನು ನೋಡಿದರು, ಅವಳ ಹಿಂದೆ ಖಾಲಿ ಬೀದಿ ನೋಡಿದರು.

"ಇದೂ ಫೇಲಾ?" ಎಂದರು.

ಅಷ್ಟು ಹೇಳಿ ಒಂದು ಚೀಲ ತಾವೇ ಎತ್ತಿಕೊಂಡು ಒಳಗೆ ಹೋದರು. ಅದನ್ನೂ ಹೇಳಬೇಕು, ಚೀಲ ಎತ್ತಿಕೊಂಡದ್ದು ಸುಳ್ಳಲ್ಲ.

ಕೆಲವು ತಿಂಗಳಾದ ಮೇಲೆ ಅವಳಿಗೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ನೆಲಮಾಳಿಗೆಯ ಉದ್ದನೆಯ ಕೋಣೆ, ಹಬೆ, ಒಂದೇ ಸಮನೆ ಗುಡುಗುವ ಯಂತ್ರಗಳು. ಅಲ್ಲಿ ಮಾತಾಡಿದರೂ ಕೇಳುತ್ತಿರಲಿಲ್ಲ, ಹಾಗಾಗಿ ಅವಳಿಗೆ ಹಿತವೆನಿಸಿತು. ಹಾಸಿಗೆಯ ಹಾಸು ಮಡಚಲು ಸಾಮಾನ್ಯವಾಗಿ ಇಬ್ಬರು ಬೇಕು. ಅವಳು ಒಂದು ಅಂಚನ್ನು ಗದ್ದದಡಿ ಸಿಕ್ಕಿಸಿಕೊಂಡು ಒಬ್ಬಳೇ ಮಡಚುತ್ತಿದ್ದಳು. ಕಲೆ ಹೋಗದವು ಒಂದು ಕಡೆ, ಹರಿದವು ಇನ್ನೊಂದು ಕಡೆ, ಉಳಿದವು ನಲವತ್ತರ ಕಟ್ಟು. ಹನ್ನೊಂದು ವರ್ಷದಲ್ಲಿ ಅವಳ ಕಟ್ಟಿನಲ್ಲಿ ಒಂದು ಹಾಸೂ ಹೆಚ್ಚುಕಮ್ಮಿಯಾಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಅವಳಂತೂ ಗಮನಿಸಲೇ ಇಲ್ಲ.

ಅಪ್ಪನಿಗೆ ಎಪ್ಪತ್ತೊಂದಾಗಿತ್ತು. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಬರುವ ಅಂಕಿಗಳ ಚೌಕ ತುಂಬುತ್ತ ಕೂತಿದ್ದವರು, ಅವಳು ಚಹಾ ತರುವಷ್ಟರಲ್ಲಿ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದರು. ಪೆನ್ನು ಕೆಳಗೆ ಬಿದ್ದಿತ್ತು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು.

ಆಸ್ಪತ್ರೆಯಲ್ಲಿ ಆರನೆಯ ದಿನ ಅವರು ಬಾಯಿ ತೆರೆದರು. ಮಗಳು ಬಾಯಿ ಒರೆಸುತ್ತಿದ್ದಳು. ಅವಳನ್ನೇ ನೋಡುತ್ತ, ತುಟಿ ಸೊಟ್ಟ ಮಾಡಿಕೊಂಡು, "ಪೆದ್ದಿ" ಎಂದರು.

ಅವಳು ಖುಷಿಯಿಂದ ದಾದಿಯನ್ನು ಕರೆದಳು. ದಾದಿ ನೀರು ಬೇಕಾ ಎಂದು ಕೇಳಿದರೆ ಅವರು ಪೆದ್ದಿ ಎಂದರು. ಡಾಕ್ಟರು ಬಂದು ನಿಮ್ಮ ಹೆಸರೇನು ಎಂದರೂ ಪೆದ್ದಿ. ಪೆನ್ನು ತೋರಿಸಿದರೂ ಅದೇ, ಗಡಿಯಾರ ತೋರಿಸಿದರೂ ಅದೇ. ತಮ್ಮ ಬಾಯಿಂದ ಬಂದದ್ದು ಅವರ ಕಿವಿಗೆ ಬೀಳುತ್ತಿತ್ತು, ತಪ್ಪು ಎಂದು ಗೊತ್ತೂ ಆಗುತ್ತಿತ್ತು. ತಲೆ ಅಲ್ಲಾಡಿಸಿ ಮತ್ತೆ ಪ್ರಯತ್ನಿಸುವರು, ಮತ್ತೆ ಅದೇ ಬರುವುದು. ನಾಲ್ಕನೆಯ ಸಲಕ್ಕೆ ಅತ್ತುಬಿಟ್ಟರು. ಅಪ್ಪ ಅತ್ತದ್ದನ್ನು ಅವಳು ಅದೇ ಮೊದಲು ನೋಡಿದ್ದು.

ಮಾತು ಹೋದವರಿಗೆ ಮಾತು ಕಲಿಸಲು ಆ ಆಸ್ಪತ್ರೆಯಲ್ಲಿ ಒಬ್ಬರಿದ್ದರು. ದಪ್ಪ ಕನ್ನಡಕದ ಗಿಡ್ಡ ಹೆಂಗಸು. ವಾರ್ಡಿನವರೆಲ್ಲ ಅವರನ್ನು ಮಾತಿನ ಡಾಕ್ಟರಮ್ಮ ಎನ್ನುತ್ತಿದ್ದರು. ಮೆದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ, ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುತ್ತದೆ, ಅದೇ ಯಾಕೆ ಉಳಿಯಿತು ಅಂತ ಹೇಳಲಾಗದು ಎಂದು ಅವರು ವಿವರಿಸಿದರು. ಆಮೇಲೆ ಕೇಳಿದರು, ಯಾರ ಹೆಸರು ಅದು?

"ನಂದೇ," ಎಂದಳು ಅವಳು.

"ನೋಡಿ, ಎಲ್ಲಾ ಹೋದ್ರೂ ನಿಮ್ಮ ಹೆಸರು ಉಳಿಸ್ಕೊಂಡಿದ್ದಾರೆ," ಎಂದು ಅವರು ನಕ್ಕರು. ಮುದ್ದಿನ ಹೆಸರು ಅಂದುಕೊಂಡಿದ್ದರು. ಅವಳು ಅಪ್ಪನ ಹೊದಿಕೆ ಸರಿಮಾಡಿದಳು.

ದೂರದ ಊರಲ್ಲಿ ದೊಡ್ಡ ಕಚೇರಿಯ ಅಧಿಕಾರಿಯಾಗಿದ್ದ ಅಕ್ಕ ಓಡಿ ಬಂದಳು. ಅಪ್ಪ ಅವಳ ಕೈಹಿಡಿದು, ಕಣ್ಣಲ್ಲಿ ಅಷ್ಟೊಂದು ಪ್ರೀತಿ ತುಂಬಿಕೊಂಡು, "ಪೆದ್ದಿ" ಎಂದರು. ಅಕ್ಕನ ಮುಖ ಬಿಳಚಿತು. ಹೊರಗೆ ಬಂದು ಗೋಡೆಗೆ ಒರಗಿ ನಿಂತವಳು, "ನನ್ನನ್ನೂ ಹಾಗಂದ್ರು ಕಣೇ," ಎಂದು ಅಳತೊಡಗಿದಳು. ಅದು ನಿನಗೆ ಅಂದದ್ದಲ್ಲ ಬಿಡಕ್ಕ, ಅವರಿಗೆ ಬರೋದೇ ಅಷ್ಟು ಎಂದು ತಂಗಿಯೇ ಅಕ್ಕನನ್ನು ಸಮಾಧಾನ ಮಾಡಬೇಕಾಯಿತು.

ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ಅಭ್ಯಾಸ. ಚಿತ್ರದ ಚೀಟಿಗಳು: ಲೋಟ, ಬಾಗಿಲು, ಚಪ್ಪಲಿ, ಸೋಪು. ಅಕ್ಕ ಹತ್ತು ದಿನ ರಜೆ ಹಾಕಿ ತಾನೇ ಕೂತಳು. ಚೆನ್ನಾಗಿಯೇ ಶುರು ಮಾಡುವಳು; ಐದನೆಯ ಚೀಟಿ ಬರುವಷ್ಟರಲ್ಲಿ ದನಿ ಏರುತ್ತಿತ್ತು. ಅಪ್ಪಾ, ಈಗ ತಾನೆ ಹೇಳಿದ್ನಲ್ಲ, ಎಷ್ಟು ಸಲ ಹೇಳೋದು? ಆ ದನಿ ಥೇಟ್ ಅಪ್ಪನದೇ ಎಂದು ಒಳಗೆ ಬಟ್ಟೆ ಮಡಚುತ್ತಿದ್ದ ತಂಗಿಗೆ ಅನಿಸಿತು. ಒಂದು ಮಧ್ಯಾಹ್ನ ಅಪ್ಪ ಎಡಗೈಯಿಂದ ಚೀಟಿಗಳನ್ನೆಲ್ಲ ಎಸೆದು ಗೋಡೆಯ ಕಡೆ ತಿರುಗಿಬಿಟ್ಟರು. ಅಕ್ಕನ ರಜೆಯೂ ಮುಗಿದಿತ್ತು; ಇನ್ನು ಮೇಲೆ ತಂಗಿ ಕೆಲಸಕ್ಕೆ ಹೋದಾಗ ನೆರೆಮನೆಯವರು ಬಂದು ಕೂರುವುದೆಂದಾಯಿತು.

ತಂಗಿ ಚೀಟಿಗಳನ್ನು ಆಯ್ದುಕೊಂಡಳು. ಅವಳಿಗೆ ಕಲಿಸಲು ಬರುತ್ತಿರಲಿಲ್ಲ. ಆದರೆ ಉತ್ತರ ಬಾಯಿಗೆ ಬಾರದೆ ನಿಂತವರ ಎದುರು ಇನ್ನೊಬ್ಬರು ಕಾಯುತ್ತ ಕೂತರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ. ಒಂದು ಚೀಟಿ ಇಟ್ಟು, ತಾನು ಪಕ್ಕದಲ್ಲಿ ಬಟ್ಟೆ ಮಡಚುತ್ತ ಕೂರುವಳು. ಹತ್ತು ನಿಮಿಷವಾದರೂ ಸರಿ. ಪೆದ್ದಿ ಎಂದರೆ, ಹೂಂ, ಲೋಟ, ಎಂದು ತನ್ನ ಪಾಡಿಗೆ ಹೇಳಿ ಇನ್ನೊಂದು ಇಡುವಳು. ದಿನಕ್ಕೆ ನಲವತ್ತು ಐವತ್ತು ಸಲ ಆ ಮಾತು ಕಿವಿಗೆ ಬೀಳುತ್ತಿತ್ತು. ಅದರಲ್ಲಿ ಎಷ್ಟು ಬಗೆ ಇವೆ ಎಂದು ಅವಳಿಗೆ ಮೆಲ್ಲಗೆ ತಿಳಿಯಿತು. ಕೊನೆಗೆ ಎಳೆದರೆ ನೀರು. ಎರಡು ಸಲ ಚುಟುಕಾಗಿ ಅಂದರೆ ಬಚ್ಚಲಿಗೆ ಹೋಗಬೇಕು. ಬಾಗಿಲ ಕಡೆ ನೋಡುತ್ತ ಮೆತ್ತಗೆ ಅಂದರೆ ಅಮ್ಮನ ನೆನಪು.

ಒಂದು ದಿನ ಅಪ್ಪನಿಗೆ ಅಂಗಿಯ ಗುಂಡಿ ಹಾಕುತ್ತ, ಏನೂ ಯೋಚಿಸದೆ ಅವಳು ಮಗ್ಗಿ ಶುರು ಮಾಡಿದಳು. ಎರಡೊಂದ್ಲ ಎರಡು.

"ಎರಡೆರಡ್ಲ ನಾಲ್ಕು," ಎಂದರು ಅಪ್ಪ.

ಅವಳ ಕೈ ಗುಂಡಿಯ ಮೇಲೇ ನಿಂತಿತು. ಅಪ್ಪನೂ ಹೆದರಿದವರಂತೆ ನೋಡಿದರು. ಎರಡ್ಮೂರ್ಲ ಎಂದಳು. ಆರು ಎಂದರು. ಹಳಿಯ ಮೇಲೆ ಬಿದ್ದ ಗಾಡಿಯ ಹಾಗೆ ಮಗ್ಗಿ ಓಡಿತು: ಎರಡು, ಮೂರು, ನಾಲ್ಕು. ಆದರೆ ಶುರು ಮಾಡಿಕೊಡಲು, ನಿಂತಲ್ಲಿ ತಳ್ಳಲು ಒಬ್ಬರು ಬೇಕಿತ್ತು. ಏಳರ ಮಗ್ಗಿಯಲ್ಲಿ ಅವಳೇ ಮುಗ್ಗರಿಸಿದಳು. ಏಳೆಂಟ್ಲ ಎಂದು ಹೇಳಿ ಸುಮ್ಮನಾದಳು, ಮೈ ಬೆವರಿತು. ಅಪ್ಪ ಅವಳ ಕಡೆ ತಿರುಗಿ ಕಾದರು. ಕಾಲು ನೆಲ ತಟ್ಟಲಿಲ್ಲ, ತಟ್ಟಲು ಆಗುತ್ತಲೂ ಇರಲಿಲ್ಲ. "ಐವತ್ತಾರು," ಎಂದರು ಆಮೇಲೆ, ಬಹಳ ಮೆತ್ತಗೆ. ಆ ತಿಂಗಳು ಅವಳು ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿದಳು, ನಲವತ್ತೊಂದನೆಯ ವಯಸ್ಸಿನಲ್ಲಿ, ಬಟ್ಟೆ ಯಂತ್ರಗಳ ಸದ್ದಿನ ನಡುವೆ.

ಮಗ್ಗಿಯ ಬಾಲ ಹಿಡಿದು ಬೇರೆ ಮಾತುಗಳೂ ಬಂದವು. ಮೊದಲು ನೀರು. ಆಮೇಲೆ ಸಾಕು. ಬೇಡ, ನೋವು, ಕಿಟಕಿ.

ಆಸ್ಪತ್ರೆಗೆ ಮತ್ತೆ ತೋರಿಸಲು ಕರೆದೊಯ್ದಾಗ ಡಾಕ್ಟರಮ್ಮ ಬೆರಗಾದರು. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಮೇಲಿನ ವಾರ್ಡಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದಾನೆ, ಎರಡು ತಿಂಗಳಿಂದ ತುಟಿ ಬಿಚ್ಚಿಲ್ಲ, ಕೆಲಸ ಮುಗಿದ ಮೇಲೆ ಬಂದು ಅವನ ಜೊತೆ ಸ್ವಲ್ಪ ಹೊತ್ತು ಕೂರುತ್ತೀರಾ ಎಂದರು.

"ನನ್ನ ಕೈಲಿ ಆಗಲ್ಲ ಮೇಡಂ," ಎಂದಳು. "ನಾನು ಪೆದ್ದಿ."

ಡಾಕ್ಟರಮ್ಮ ಗಾಲಿಕುರ್ಚಿಯಲ್ಲಿ ಕೂತ ಮೇಷ್ಟ್ರನ್ನು ನೋಡಿದರು, ಅವಳನ್ನು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವತ್ತು ನಾನು ತಪ್ಪು ತಿಳ್ಕೊಂಡು ನಕ್ಕುಬಿಟ್ಟೆ. ಕ್ಷಮಿಸಿ," ಎಂದರು.

ಅವಳನ್ನು ಯಾರೂ ಅದುವರೆಗೆ ಕ್ಷಮೆ ಕೇಳಿರಲಿಲ್ಲ. ಅವಳು ಅಪ್ಪನ ಕುರ್ಚಿ ತಳ್ಳಿಕೊಂಡು ಹೊರಟುಬಿಟ್ಟಳು.

ಹದಿನೈದು ದಿನ ಬಿಟ್ಟು ಮೇಲಿನ ವಾರ್ಡಿಗೆ ಹೋದಳು. ಕಂಡಕ್ಟರನ ಹೆಂಡತಿ ಗಂಡನ ಮುಖದ ಮೇಲೇ ಬಾಗಿ ಜೋರಾಗಿ ಕೂಗುತ್ತಿದ್ದಳು, ಕಿವುಡರಿಗೆ ಕೂಗುವ ಹಾಗೆ. ಇವಳನ್ನು ಕಂಡು, ಡಾಕ್ಟರು ಬರ್ತಾರೆ ಅಂದ್ರೆ ಬಟ್ಟೆ ಮಡಚೋಳನ್ನ ಕಳಿಸಿದ್ದಾರಲ್ಲ ಎಂದು ಪಕ್ಕದ ಮಂಚದವರಿಗೆ ಹೇಳಿದಳು. ಅಷ್ಟೇ ಸಾಕಾಯಿತು. ಅವಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದವಳು ಒಂಬತ್ತು ದಿನ ಮೇಲೆ ಬರಲಿಲ್ಲ. ಆ ಒಂಬತ್ತು ದಿನವೂ ಕಂಡಕ್ಟರನ ಕಣ್ಣು ನೆನಪಾಗುತ್ತಿತ್ತು. ಹೆಂಡತಿ ಕೂಗುವಾಗ ಅವನು ನಗಲು ಪ್ರಯತ್ನಿಸುತ್ತಿದ್ದ. ಆ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಅವಳು ಒಂದು ಕೆಲಸ ಮಾಡಿದಳು. ಅವನು ಹತ್ತೊಂಬತ್ತು ವರ್ಷ ಟಿಕೆಟ್ ಹರಿದ ಮಾರ್ಗದ ಬಸ್ಸು ಹತ್ತಿ, ಮೊದಲ ನಿಲ್ದಾಣದಿಂದ ಕೊನೆಯವರೆಗೆ ಕೂತು, ನಿಲ್ದಾಣಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಳು. ಸೋಮವಾರ ಅವನ ಮಂಚದ ಪಕ್ಕ ಕೂತು, ಅವನ ಕಡೆ ನೋಡದೆ, ಕಿಟಕಿಯ ಕಡೆ ಮುಖ ಮಾಡಿ ಓದಿದಳು. ಗಡಿಯಾರದ ಕಂಬ. ಹಳೇ ಮಾರ್ಕೆಟ್ಟು. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಹಳೇ ಮಾರ್ಕೆಟ್ಟು ಎಂದು ನಿಲ್ಲಿಸಿದಾಗ ಹಿಂದಿನಿಂದ ಒರಟು ದನಿ ಬಂತು: "ಸೇತುವೆ... ಇಳೀರಿ ಇಳೀರಿ." ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಇತ್ತ ಅಪ್ಪನ ಚೀಟಿಗಳು ಅರವತ್ತಾಗಿದ್ದವು. ಅದರಲ್ಲಿ ಅಕ್ಕನ ಭಾವಚಿತ್ರವೂ ಇತ್ತು. ಅಪ್ಪ ಅಕ್ಕನ ಹೆಸರು ಹೇಳಲು ಕಲಿತಿದ್ದರು, ಫೋನಿನಲ್ಲಿ ಹೇಳಿ ಅಕ್ಕನನ್ನು ಅಳಿಸಿಯೂ ಇದ್ದರು. ತನ್ನ ಭಾವಚಿತ್ರವನ್ನು ಮಾತ್ರ ಅವಳು ಇಟ್ಟಿರಲಿಲ್ಲ. ಯಾಕೆ ಎಂದು ಡಾಕ್ಟರಮ್ಮ ಕೇಳಿದಾಗ ಹಾರಿಕೆಯ ಉತ್ತರ ಕೊಟ್ಟಳು. ನಿಜ ಏನೆಂದರೆ ಅವಳಿಗೆ ಭಯ. ಎಲ್ಲ ಹೆಸರು ಬಂದು, ತನ್ನ ಚಿತ್ರ ಇಟ್ಟಾಗ ಮಾತ್ರ ಹಳೆಯದೇ ಬಂದರೆ?

ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಒಂದು ಮಧ್ಯಾಹ್ನ ಅಪ್ಪ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಸಿಕೊಂಡು, ಎಡಗೈಯಿಂದ ಒಂದೊಂದನ್ನೇ ಸರಿಸುತ್ತ ಏನನ್ನೋ ಹುಡುಕಿದರು. ಅಕ್ಕನ ಚಿತ್ರ ಸಿಕ್ಕಿತು. ಅದರ ಪಕ್ಕದ ಖಾಲಿ ಜಾಗವನ್ನು ಬೆರಳಿಂದ ತಟ್ಟಿದರು. ಅವಳನ್ನು ನೋಡಿದರು. ಮತ್ತೆ ತಟ್ಟಿದರು. "ಇಲ್ಲ," ಎಂದರು. "ಇಲ್ಲ."

ಅವಳಿಗೆ ಅರ್ಥವಾಯಿತು. ಅರ್ಥವಾಗದವಳಂತೆ, ಊಟಕ್ಕೆ ಹೊತ್ತಾಯ್ತು ಅಪ್ಪ ಎಂದು ಚೀಟಿಗಳನ್ನು ಗುಡ್ಡೆ ಮಾಡಿ ಎತ್ತಿಟ್ಟಳು. ಆಮೇಲೆ ನೋಡೋಣ ಅಂದುಕೊಂಡಳು. ಒಂಬತ್ತನೆಯ ದಿನ ಅಪ್ಪನಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಎಚ್ಚರ ಬರಲಿಲ್ಲ. ಮೂರು ದಿನ ಇದ್ದು ಹೋದರು.

ಚಿತ್ರ ಇಟ್ಟಿದ್ದರೆ ಅವರು ಏನು ಹೇಳುತ್ತಿದ್ದರು ಎಂಬುದು ಅವಳಿಗೆ ಗೊತ್ತಿಲ್ಲ. ಹೇಳಲು ಬಿಡಲಿಲ್ಲ ಎಂಬುದಷ್ಟೇ ಗೊತ್ತು.

ಅಕ್ಕ ಬಂದಳು. ಎಲ್ಲ ಮುಗಿದ ಮೇಲೆ ಇಬ್ಬರೂ ಅಪ್ಪನ ಕೋಣೆ ಗುಡಿಸುತ್ತಿದ್ದಾಗ ಅಕ್ಕ ಇದ್ದಕ್ಕಿದ್ದಂತೆ ಕಸಬರಿಕೆ ಹಿಡಿದೇ ಕೂತಳು.

"ನಾನು ಅಷ್ಟೊಂದು ಓದ್ತಿದ್ದೆ ಯಾಕೆ ಗೊತ್ತಾ? ಆ ಹೆಸರು ನಂಗೆ ಬಂದುಬಿಡತ್ತೆ ಅಂತ. ನಿನ್ನನ್ನ ಹಾಗೆ ಕರೆಯೋವರೆಗೂ ನಾನು ಬಚಾವು ಅನ್ಕೋತಿದ್ದೆ. ಒಂದು ದಿನಾನೂ ಬೇಡ ಅಪ್ಪ ಅನ್ನಲಿಲ್ಲ."

ತಂಗಿ ಅವಳ ತಲೆ ಸವರಿದಳು. ಏನೂ ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ. ಪರವಾಗಿಲ್ಲ ಎನ್ನುವಂಥದ್ದು ಅದಾಗಿರಲಿಲ್ಲ. ನನ್ನ ಜೊತೆ ಬಂದುಬಿಡು, ಒಬ್ಬಳೇ ಹೇಗಿರ್ತೀಯ ಎಂದು ಅಕ್ಕ ಕರೆದಳು. ಇರ್ತೀನಿ ಎಂದಳು.

ಇರುವುದು ಸುಲಭವಾಗಲಿಲ್ಲ. ನೆಲಮಾಳಿಗೆಗೆ ಹೋಗುವುದು, ಬರುವುದು, ಮಲಗುವುದು. ವಾರ್ಡಿನ ಕಡೆ ತಲೆ ಹಾಕಲಿಲ್ಲ. ಸ್ವಂತ ಅಪ್ಪನ ಮಾತು ಕೇಳದವಳು ಇನ್ನೊಬ್ಬರಿಗೆ ಮಾತು ಕಲಿಸುವುದೇ ಎನಿಸುತ್ತಿತ್ತು. ಐದನೆಯ ವಾರ ಕಂಡಕ್ಟರನ ಹೆಂಡತಿ ಹಬೆಯ ನಡುವೆ ದಾರಿ ಹುಡುಕಿಕೊಂಡು ನೆಲಮಾಳಿಗೆಗೇ ಬಂದಳು. ವಾರಕ್ಕೆರಡು ಸಲ ಅವನನ್ನು ಅಭ್ಯಾಸಕ್ಕೆ ಕರೆತರುತ್ತಿದ್ದಳಂತೆ. ಅವನು ಯಾರ ಜೊತೆಗೂ ಕೂರದೆ ಬಾಗಿಲನ್ನೇ ನೋಡುತ್ತಾನಂತೆ. "ನನ್ನ ಬಾಯಿ ಕೆಟ್ಟದ್ದು ತಾಯಿ, ಅದನ್ನ ಮನಸಲ್ಲಿ ಇಟ್ಕೋಬೇಡ. ಬಾ," ಎಂದಳು. ಇವಳು ಕೈಯಲ್ಲಿದ್ದ ಹಾಸನ್ನು ಮಡಚಿ ಮುಗಿಸಿ, ಅವಳ ಹಿಂದೆ ಮೆಟ್ಟಿಲು ಹತ್ತಿದಳು.

ಡಾಕ್ಟರಮ್ಮ ತಮ್ಮ ಕೋಣೆಗೆ ಒಬ್ಬ ಸಹಾಯಕಿ ಬೇಕೆಂದು ಆಸ್ಪತ್ರೆಯ ಮೇಲಧಿಕಾರಿಗಳಿಗೆ ಬರೆದರು. ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕಿತ್ತು. ನಲವತ್ತಮೂರನೆಯ ವಯಸ್ಸಿನಲ್ಲಿ, ಮಕ್ಕಳ ವಯಸ್ಸಿನವರ ಮಧ್ಯೆ, ಮೊಣಕಾಲು ತಾಗುವ ಬೆಂಚಿನಲ್ಲಿ ಕೂತು ಗಣಿತ ಬರೆದಳು. ಭಿನ್ನರಾಶಿಯ ಲೆಕ್ಕ ಬಂದಾಗ ಪೆನ್ನು ನಿಂತಿತು. ಆಗ ಅವಳು ಕಿಟಕಿಯ ಹೊರಗೆ ನೋಡಿದಳು, ಇನ್ನೊಬ್ಬರಿಗಾಗಿ ಕಾಯುವಾಗ ನೋಡುವ ಹಾಗೆ, ತನ್ನ ಮುಖವನ್ನು ತಾನೇ ನೋಡದ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಲೆಕ್ಕ ಬಂತು. ಎಲ್ಲವೂ ಬರಲಿಲ್ಲ, ಕೆಲವು ಬಂದವು. ನೂರಕ್ಕೆ ನಲವತ್ತೊಂದು. ಫಲಿತಾಂಶದ ಹಾಳೆ ಹಿಡಿದು ಮನೆಗೆ ಬಂದು, ಯಾರಿಗೆ ತೋರಿಸುವುದೆಂದು ತಿಳಿಯದೆ ಅಡುಗೆಮನೆಯಲ್ಲಿ ನಿಂತು ಅತ್ತಳು. ಆಮೇಲೆ ಅಕ್ಕನಿಗೆ ತಾನೇ ಫೋನು ಮಾಡಿದಳು.

ಈಗ ಆ ಕೋಣೆಯಲ್ಲಿ ಅವಳಿಗೆ ಒಂದು ಮೇಜು ಇದೆ. ಏಳು ವರ್ಷವಾಯಿತು. ಹಾಜರಿ ಪುಸ್ತಕದ ಹೆಸರಿನಿಂದಲೇ ಎಲ್ಲರೂ ಕರೆಯುತ್ತಾರೆ. ಬ್ಯಾಂಕಿನಲ್ಲಿ ಸರದಿ ಬಂದಾಗ ಇವತ್ತಿಗೂ ಒಂದೊಂದು ಸಲ ಹಿಂದಿನವರಿಗೆ ದಾರಿ ಬಿಡುತ್ತಾಳೆ; ಯಾರಾದರೂ ಹೊಗಳಿದರೆ ಹಿಂದೆ ಇನ್ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಾಳೆ. ಅವಳ ಹತ್ತಿರ ಬಂದವರೆಲ್ಲ ಮಾತಾಡಿದ್ದಾರೆಂದಿಲ್ಲ. ಅರ್ಧಕ್ಕರ್ಧ ಜನ ನಾಲ್ಕಾರು ಮಾತಿಗೇ ನಿಂತರು, ಕೆಲವರು ಅಷ್ಟೂ ಇಲ್ಲದೆ ಹೋದರು. ಹೊಸದಾಗಿ ಬಂದ ಮನೆಯವರಿಗೆ ಅವಳು ಮೊದಲು ಹೇಳುವುದು ಒಂದೇ: ಚೀಟಿಗಳಲ್ಲಿ ನಿಮ್ಮ ಮನೆಯವರೆಲ್ಲರ ಚಿತ್ರ ಇರಲಿ, ಒಬ್ಬರನ್ನೂ ಬಿಡಬೇಡಿ, ಯಾವ ಹೆಸರು ಬಂದರೂ ಬರಲಿ.

ಮೊನ್ನೆ ಒಬ್ಬ ಮುದುಕಿಯನ್ನು ಮಗ ಕರೆತಂದಿದ್ದ. ಹೊಲಿಗೆಯ ಕೆಲಸ ಮಾಡಿದ ಹೆಂಗಸು. ಏನು ಕೇಳಿದರೂ ಅವಳ ಪರವಾಗಿ ಮಗನೇ ಉತ್ತರ ಕೊಡುತ್ತಿದ್ದ. ನೀವು ಸ್ವಲ್ಪ ಹೊರಗೆ ಕೂತಿರಿ ಎಂದು ಅವನನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ಮುದುಕಿಯ ಮುಂದೆ ಒಂದು ಕತ್ತರಿ, ಒಂದು ದಾರದುಂಡೆ ಇಟ್ಟಳು. ಆಮೇಲೆ ತನ್ನ ಪಾಡಿಗೆ ಚೀಟಿ ಜೋಡಿಸುತ್ತ ಕೂತಳು. ಹೊರಗೆ ಮಗ ಎರಡು ಸಲ ಬಾಗಿಲು ತಟ್ಟಿದ. ಅವಳು ತೆರೆಯಲಿಲ್ಲ.